ಮಿಹಿಕಾಳಿಗೆ ದೋಸೆಯಲ್ಲಿ ಆಸಕ್ತಿ ಹುಟ್ಟಿತು

ನನ್ನ ತಮ್ಮನ ಮಗಳಿಗೆ ಈ ವರ್ಷ ಶಾಲೆಗೆ ಹೋಗುವ ಶಿಕ್ಷೆಯಾಯಿತು.

ಮಾಡಿದ ತಪ್ಪೇನು ಗೊತ್ತೇ? ಅವಳಿಗೆ ಒಂದು ವಿಷಯದಲ್ಲಿ ನಿಜವಾಗಿಯೂ ಆಸಕ್ತಿ ಹುಟ್ಟಿತು.

ಮಿಹಿಕಾಳಿಗೆ ಹದಿಮೂರು ವರ್ಷ. ಮುಲುಂಡಿನ ಎತ್ತರದ ಬಿಲ್ಡಿಂಗೊಂದರಲ್ಲಿ ಮನೆ. ಮೂರನೇ ಕ್ಲಾಸಿನಲ್ಲಿದ್ದಾಗಲೇ ಅವಳನ್ನು ಶಾಲೆ ಬಿಡಿಸಿದ್ದರು. ಬಡತನದಿಂದ ಅಲ್ಲ, ತತ್ವಕ್ಕಾಗಿ. ‘ಅಕ್ಕ, ಸ್ಕೂಲು ಅಂದ್ರೆ ಫ್ಯಾಕ್ಟರಿ. ಮಗುವಿನ ಇಂಟರೆಸ್ಟ್ ಯಾವ ಕಡೆ ಹೋಗ್ತದೋ ನಾವು ಆ ಕಡೆ ಹೋಗ್ಬೇಕು’ ಎಂದು ತಮ್ಮ ರಘು ಆಗ ನನಗೆ ಪಾಠ ಮಾಡಿದ್ದ. ಅವನಿಗೆ ಪರೇಲಿನ ಗಾಜಿನ ಕಟ್ಟಡವೊಂದರಲ್ಲಿ ಒಳ್ಳೆಯ ಕೆಲಸ. ಮಗಳಿಗೆ ಮನೆಯಲ್ಲೇ ಕಲಿಸಲು ಅವನ ಹೆಂಡತಿ ಸ್ಮಿತಾ ತನ್ನ ಕೆಲಸ ಬಿಟ್ಟಳು. (ತತ್ವಕ್ಕಾಗಿ ಕೆಲಸ ಬಿಡುವ ಸರದಿ ಯಾವಾಗಲೂ ಹೆಂಗಸರಿಗೇ ಯಾಕೆ ಬರುತ್ತದೆ ಎಂಬುದು ಇನ್ನೊಂದು ಅಂಕಣಕ್ಕಾಗುವಷ್ಟು ವಿಷಯ.)

ಪಠ್ಯಪುಸ್ತಕ ಇಲ್ಲ, ಪರೀಕ್ಷೆ ಇಲ್ಲ. ಬರೀ ಪ್ರಾಜೆಕ್ಟು. ಒಮ್ಮೆ ಗ್ರಹಗಳು, ಒಮ್ಮೆ ಆಕ್ಟೋಪಸ್, ಒಮ್ಮೆ ಖಾಡಿಯ ಹಿನ್ನೀರಿಗೆ ಬರುವ ಫ್ಲೆಮಿಂಗೊ ಹಕ್ಕಿ. ಎಲ್ಲದರ ಫೋಟೋ ಫ್ಯಾಮಿಲಿ ಗ್ರೂಪಿಗೆ ಬರುತ್ತಿತ್ತು. ನಾವು ಹಾರ್ಟ್ ಒತ್ತುತ್ತಿದ್ದೆವು.

ಕಳೆದ ಮಳೆಗಾಲದಲ್ಲಿ ಸ್ಮಿತಾಳಿಗೆ ಆಪರೇಷನ್ ಆಯಿತು. ಮಿಹಿಕಾ ಮಾಟುಂಗಕ್ಕೆ, ನಮ್ಮ ಮನೆಗೆ ಬಂದಳು. ಇಲ್ಲಿ ಇರುವುದು ನಾನು ಮತ್ತು ಅಪ್ಪ. ಸ್ಟೇಷನ್ನಿನ ಹತ್ತಿರ ಅಪ್ಪನದೊಂದು ಸಣ್ಣ ಉಡುಪಿ ಹೋಟೆಲ್. ಊರಿಂದ ಬಂದು ಟೇಬಲ್ ಒರೆಸುತ್ತಾ ಶುರು ಮಾಡಿದವರು, ಮಾಲೀಕರಾದ ಮೇಲೂ ಬೆಳಿಗ್ಗೆ ದೋಸೆ ಕಾವಲಿಯ ಮುಂದೆ ತಾವೇ ನಿಲ್ಲುತ್ತಾರೆ. ಅಮ್ಮ ಹೋದ ಮೇಲೆ ಅವರ ಮಾತು ಬಹಳ ಕಡಿಮೆಯಾಗಿತ್ತು.

ಎರಡನೇ ದಿನವೇ ಹುಡುಗಿ ಹಿಟ್ಟಿನ ಪಾತ್ರೆಗೆ ಕಿವಿ ಹಚ್ಚಿ ಕೂತಳು. ‘ಅಜ್ಜಾ, ಇದು ಯಾಕೆ ಉಬ್ಬುತ್ತೆ? ಅಂದರ್ ಕೌನ್ ಹೈ, ಒಳಗೆ ಯಾರಿದ್ದಾರೆ?’

ಅಪ್ಪ ಜೋರಾಗಿ ನಕ್ಕರು. ‘ನಂಗೊತ್ತಿಲ್ಲ ಮಗಾ. ಉಬ್ಬದಿದ್ರೆ ಎಂತ ಮಾಡ್ಬೇಕು, ಅದು ಮಾತ್ರ ಗೊತ್ತುಂಟು.’

ಹೊಸ ಪ್ರಾಜೆಕ್ಟ್ ಶುರು. ಸ್ಮಿತಾ ಹುಷಾರಾದ ಮೇಲೂ ಮಿಹಿಕಾ ವಾರಕ್ಕೆ ಮೂರು ದಿನ ಲೋಕಲ್ ರೈಲು ಹಿಡಿದು ಬರತೊಡಗಿದಳು. ಯಾವ ಅಕ್ಕಿ, ಎಷ್ಟು ಉದ್ದು, ಚಳಿ ಬಿದ್ದರೆ ಎಷ್ಟು ಹೊತ್ತು ಇಡಬೇಕು ಎಂದು ತಲೆ ತಿನ್ನುತ್ತಿದ್ದಳು. ಒಂದು ಹನಿ ಹಿಟ್ಟನ್ನು ಮೈಕ್ರೋಸ್ಕೋಪಿನಲ್ಲಿಟ್ಟು ಅಜ್ಜನಿಗೆ ತೋರಿಸಿದಳು. ಅಜ್ಜ ಅವಳಿಗೆ ಸೌಟು ತಿರುಗಿಸುವುದನ್ನು ತೋರಿಸಿದರು. ಕೈ ಸುಟ್ಟುಕೊಂಡಳು, ಅಳಲಿಲ್ಲ. ರಘು ಆ ಸುಟ್ಟ ಗಾಯದ ಫೋಟೋವನ್ನೂ ಗ್ರೂಪಿಗೆ ಹಾಕಿದ, ‘ರಿಯಲ್ ಲರ್ನಿಂಗ್’ ಎಂದು! ಮೊಮ್ಮಗಳು ಬರುವ ದಿನ ಅಪ್ಪ ಶೇವ್ ಮಾಡಿಕೊಂಡು ಕಾಯುತ್ತಿದ್ದರು.

ಹೀಗೆ ಮನೆಯಲ್ಲೇ ಮಕ್ಕಳಿಗೆ ಕಲಿಸುವ ಕುಟುಂಬಗಳೆಲ್ಲ ಒಂದು ದಿನ ಪೊವಾಯಿಯ ಸಭಾಂಗಣವೊಂದರಲ್ಲಿ ಸೇರಿದ್ದವು. ಮಕ್ಕಳ ಪ್ರಾಜೆಕ್ಟುಗಳ ಪ್ರದರ್ಶನ. ಮಿಹಿಕಾ ಗ್ಯಾಸ್ ಸ್ಟವ್ ಹಚ್ಚಿ, ಹುದುಗು ಬರುವುದು ಹೇಗೆ ಎಂದು ವಿವರಿಸುತ್ತಲೇ ದೋಸೆ ಹುಯ್ದಳು. ಉದ್ದದ ಕ್ಯೂ. ಅಪ್ಪ ಹೊಸ ಪಂಚೆಯುಟ್ಟು ಪಕ್ಕದಲ್ಲಿ ಕೂತಿದ್ದರು.

ಒಬ್ಬ ಹೆಂಗಸು ಕೇಳಿದಳು, ‘ನೆಕ್ಸ್ಟ್ ಕ್ಯಾ ಬೇಟಾ? ಫುಡ್ ಸೈನ್ಸ್?’

‘ನೋ ಆಂಟಿ. ಅಜ್ಜನ ಹೋಟೆಲ್. ಅವರ ನಂತರ ಮೈ ಹೀ ಚಲಾಊಂಗಿ, ನಾನೇ ನಡೆಸೋದು.’

‘ಸೋ ಕ್ಯೂಟ್’ ಎಂದು ಎಲ್ಲರೂ ನಕ್ಕರು. ಮಿಹಿಕಾ ನಗಲಿಲ್ಲ. ಅವಳು ನಗದೆ ಇದ್ದದ್ದನ್ನು ರಘು ನೋಡಿದ.

ಸಂಜೆ ನಮ್ಮ ಮನೆಗೆ ಬಂದವನೇ ಹೇಳಿದ, ‘ಮಿಹಿ, ಈ ಪ್ರಾಜೆಕ್ಟ್ ಮುಗೀತು. ಬೇರೆ ಟಾಪಿಕ್ ನೋಡು.’

‘ಲೇಕಿನ್ ಪಪ್ಪಾ, ಮುಗೀಲಿಲ್ಲ. ನಂಗೆ ಇನ್ನೂ ಕಲೀಲಿಕ್ಕೆ ಉಂಟು.’

‘ಎಂತ ಕಲೀಲಿಕ್ಕೆ? ಜೀವನ ಇಡೀ ಜನರ ಎಂಜಲು ಒರೆಸ್ಲಿಕ್ಕಾ?’

ಅಪ್ಪ ಅಲ್ಲೇ ಕುರ್ಚಿಯಲ್ಲಿ ಕೂತಿದ್ದರು. ಎದ್ದು ಟಿವಿ ಆಫ್ ಮಾಡಿ ಒಳಗೆ ಹೋದರು. ಸ್ಮಿತಾ ಗಂಡನ ಕಡೆ ನೋಡಿದಳು. ರಘುವಿಗೆ ತಾನು ಆಡಿದ ಮಾತು ಯಾರಿಗೆ ಹೋಗಿ ತಾಗಿತೆಂದು ಗೊತ್ತಾಗಲಿಲ್ಲವೇ? ಗೊತ್ತಾಗಿತ್ತು. ಆದರೂ ವಾಪಸ್ ತೆಗೆದುಕೊಳ್ಳಲಿಲ್ಲ.

ಮರುದಿನ ನಾನು ತಮ್ಮನನ್ನು ಬೈಯತೊಡಗಿದರೆ ಅಪ್ಪ ತಡೆದರು. ‘ಬಿಡು ಮಾರಾಯ್ತಿ. ಈ ಕೆಲಸ ಅವನಿಗೆ ಬೇಡಾಂತಲೇ ಅಲ್ವಾ ನಾನು ಓದಿಸಿದ್ದು? ನಾಚಿಕೆ ಪಡ್ಲಿಕ್ಕೂ ನಾನೇ ಕಲಿಸಿದ ಹಾಗಾಯ್ತು.’



ಮಿಹಿಕಾಳಿಗೆ ಥಾಣೆಯ ದೊಡ್ಡ ಶಾಲೆಯೊಂದರಲ್ಲಿ ಸೀಟು ಸಿಕ್ಕಿತು. ಹೌದು, ಅದೇ ಫ್ಯಾಕ್ಟರಿ. ರಘು ಗ್ರೂಪಿನಲ್ಲಿ ಬರೆದ, ಮಿಹಿಕಾಳ ಆಸಕ್ತಿ ಈಗ ಸಹಜವಾಗಿಯೇ ಶಾಲೆಯ ಕಡೆ ಹೊರಳಿದೆಯಂತೆ. ‘ಹೊರಳಿತೋ, ನೀನೇ ಹೊರಳಿಸಿದ್ದೋ?’ ಎಂದು ನಾನು ಬರೆದೆ. ಅದಕ್ಕೆ ಒಂದು ಹಾರ್ಟೂ ಬರಲಿಲ್ಲ.

ಕಳೆದ ಭಾನುವಾರ ಮೂವರೂ ಬಂದಿದ್ದರು. ಶಾಲೆ ಹೇಗುಂಟು ಎಂದು ಮಿಹಿಕಾಳನ್ನು ಕೇಳಿದೆ.

‘ಠೀಕ್ ಹೈ ಅತ್ತೆ. ಅಲ್ಲಿ ಕೂಡ ಪ್ರಾಜೆಕ್ಟ್ ಉಂಟು. ಟಾಪಿಕ್ ಅವರೇ ಕೊಡ್ತಾರೆ.’

ಅಪ್ಪ ಅಡುಗೆಮನೆಯಿಂದ ಕರೆದರು. ‘ಮಗಾ, ಹಿಟ್ಟು ಚಂದ ಬಂದದೆ. ಒಂದೆರಡು ಹಾಕ್ತೀಯಾ?’

ಹುಡುಗಿ ಅರ್ಧ ಎದ್ದಳು. ಮೊದಲಾಗಿದ್ದರೆ ಅಷ್ಟೊತ್ತಿಗೆ ಓಡಿ ಒಲೆಯ ಹತ್ತಿರ ಇರುತ್ತಿದ್ದಳು. ಈಗ ತಿರುಗಿ ರಘುವಿನ ಮುಖ ನೋಡಿದಳು. ಅವನು ಫೋನಿನಿಂದ ತಲೆ ಎತ್ತಲಿಲ್ಲ. ಅವಳು ಮತ್ತೆ ಕೂತಳು.

‘ಹೋಮ್‌ವರ್ಕ್ ಉಂಟು ಅಜ್ಜಾ.’

ಯಾವುದನ್ನಾದರೂ ಮುಟ್ಟುವ ಮೊದಲು ತನ್ನಪ್ಪನ ಮುಖ ನೋಡಬೇಕು ಎಂಬುದನ್ನು ಈ ಮಗು ಕಲಿತದ್ದು ಶಾಲೆಯಲ್ಲೋ, ಮನೆಯಲ್ಲೋ?