ಅಜ್ಜಿಗೆ ಒಪ್ಪದ ಹೆಬ್ಬೆಟ್ಟು

ಸ್ನೇಹಿತರೇ, ಇವತ್ತು ನ್ಯಾಮತಿ ಬಸ್ಸಿಳಿದು ಶಾಲೆ ಗೇಟು ದಾಟೋದರೊಳಗೆ ಬೈಸಿಕೊಂಡೆ. ಬೈದವರು ನಮ್ಮ ಮೂರನೇ ಕ್ಲಾಸಿನ ಸಿಂಚನಾಳ ಅಜ್ಜಿ.

ಮಕ್ಕಳು ಮನೇಲಿ ಪಾಠ ಓದಿ, ವಿಡಿಯೋ ಮಾಡಿಸಿ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹಾಕ್ತಾರೆ. ನಿನ್ನೆ ಸಿಂಚನಾ ಒಂದೂ ತಪ್ಪಿಲ್ಲದೆ ಓದಿದ್ದಳು. ಖುಷಿಯಾಗಿ ಹೆಬ್ಬೆರಳೆತ್ತಿದ ಚಿತ್ರ ಹಾಕಿದ್ದೆ.

ಅಜ್ಜಿ ಮೊಬೈಲನ್ನ ನನ್ನ ಮುಖಕ್ಕೇ ಹಿಡಿದರು. "ಏನ್ರೀ ಮೇಷ್ಟ್ರೇ ಇದು? ಹೋದಲ್ಲೆಲ್ಲ ಹೆಬ್ಬೆಟ್ಟು ಒತ್ತಿ ಒತ್ತಿ ನಂಗೆ ಸಾಕಾಗೈತೆ. ಇವಳು ನನ್ನಂಗೆ ಆಗಬಾರದು ಅಂತ ಇಸ್ಕೂಲಿಗೆ ಕಳಿಸಿದ್ರೆ, ಓದಿದ್ದಕ್ಕೂ ಹೆಬ್ಬೆಟ್ಟೇ ಕೊಟ್ಟೀರಲ್ಲ!"

"ಅಜ್ಜಿ, ಅದು ಶಭಾಷ್ ಅಂತ ಹೇಳಾಕೆ ಹಾಕೋದು."

"ಶಭಾಷ್ ಅಂತ ಬರೆಯಾಕೆ ನಿಮಗೆ ಬರಲ್ವಾ?"

ಅಲ್ಲೇ ನಿಂತು, "ಶಭಾಷ್ ಸಿಂಚನಾ, ಬಹಳ ಚೆನ್ನಾಗಿ ಓದಿದ್ದೀಯ" ಅಂತ ಗ್ರೂಪಿನಲ್ಲಿ ಬರೆದೆ. ಅಜ್ಜಿ ಅದನ್ನ ಮೊಮ್ಮಗಳಿಂದ ಎರಡು ಸಲ ಓದಿಸಿ ಕೇಳಿ, ಮೊಬೈಲನ್ನ ಸೆರಗಿನಲ್ಲಿ ಒರೆಸಿಕೊಂಡು ಹೊರಟರು.

ಸಂಜೆ ಹೊತ್ತಿಗೆ ಉಳಿದ ಮನೆಗಳಿಂದಲೂ ಅದೇ ಮಾತು. "ಸರ್, ನಮ್ಮ ಮಗೂಗೆ ಬರೀ ಚಿತ್ರ ಹಾಕೀರಿ. ಅಕ್ಷರ ಯಾವಾಗ?"

ಮಕ್ಕಳೆಲ್ಲ ಹೋಂವರ್ಕ್ ಮುಗಿಸಿ ಆಡಾಕೆ ಹೋಗಿದಾರೆ. ನಂದು ಇನ್ನೂ ಅರ್ಧ ಬಾಕಿ ಐತೆ.