ಕಾಗೆ ಮಾತಾಡಿದರೆ ಮಷಿನ್ ನಿಲ್ಲುತ್ತಿತ್ತು

ನಮ್ಮ ಟೇಲರ್ ಕಾಕಾನ ಬಲಗಾಲಿನ ಹೆಬ್ಬೆರಳು ಒಂದು ಕ್ಷಣವೂ ಸುಮ್ಮನಿರುತ್ತಿರಲಿಲ್ಲ. ಹೊಲಿಗೆ ಮಷಿನ್ನಿನ ಪೆಡಲ್ ಮೇಲಿದ್ದಾಗ ಸರಿ, ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಾಗಲೂ ಅದು ಮೇಲೆ ಕೆಳಗೆ ಆಡುತ್ತಲೇ ಇರುತ್ತಿತ್ತು. ಹುನಗುಂದದ ಬಸ್ ಸ್ಟ್ಯಾಂಡಿನ ಹಿಂದೆ ಅವರದೊಂದು ಸಣ್ಣ ಅಂಗಡಿ. ಬಸ್ ಸ್ಟ್ಯಾಂಡಿನ ಕಸ ಗುಡಿಸುತ್ತಿದ್ದ ಅವ್ವ, ಕೆಲಸ ಮುಗಿಯುವ ತನಕ ನನ್ನನ್ನು ಅಲ್ಲಿ ಕೂಡಿಸಿ ಹೋಗುತ್ತಿದ್ದಳು.

ಹೇಳಿದ ದಿನ ಬಟ್ಟೆ ಕೊಟ್ಟ ಅಪವಾದ ಅವರ ಮೇಲಿಲ್ಲ. "ನಾಳಿ ಬರ್ರಿ" ಎನ್ನುವುದು ಬಾಯಿಪಾಠ. ಇವರನ್ನು ನಂಬಿದ ಮದುಮಗನೊಬ್ಬ ಅಕ್ಷತೆಯ ಹೊತ್ತಿಗೆ ಗುಂಡಿಯಿಲ್ಲದ ಕೋಟು ಹಾಕಿಕೊಂಡು ನಿಂತಿದ್ದನಂತೆ. ತಡವಾಗಲು ಕಾರಣ ನಾನೇ ಇರಬೇಕು, ಏಕೆಂದರೆ ನನಗೆ ಅವರು ಕತೆ ಹೇಳುತ್ತಿದ್ದರು.

ಎಲ್ಲವೂ ಮಾತಾಡುವ ಪ್ರಾಣಿಗಳ ಕತೆಗಳು, ಪ್ರಾಣಿಗಳೂ ನಮ್ಮ ಕಡೆಯವೇ. ಸಿಂಹ ಬಾದಾಮಿಯ ಕೆಂಪು ಬಂಡೆಯ ಮೇಲೆ ದರಬಾರು ನಡೆಸುತ್ತಿತ್ತು. ಬಾಗಲಕೋಟೆ ಬಸ್ಸಿನಲ್ಲಿ ಮುಂದಿನ ಸೀಟು ಹಿಡಿದು ಕುರಿಗಳನ್ನು ಎಬ್ಬಿಸುತ್ತಿತ್ತು. "ಸಾಹೇಬ್ರು ಬಂದ್ರು, ಹಿಂದ ಸರೀರಿ" ಎಂದು ಕಂಡಕ್ಟರ್ ನರಿ ಕೂಗುತ್ತಿತ್ತು. ಸಿಂಹ ಗರ್ಜಿಸುವಾಗ ಕಾಕಾ ಮಷಿನ್ನನ್ನು ಇನ್ನೂ ಜೋರಾಗಿ ತುಳಿಯುತ್ತಿದ್ದರು. ಇರುವೆಯೋ ಕುರಿಯೋ ಕಾಗೆಯೋ ಬಾಯಿ ತೆರೆದರೆ ಮಾತ್ರ ಪೆಡಲಿನಿಂದ ಕಾಲು ತೆಗೆದುಬಿಡುತ್ತಿದ್ದರು.

"ಸಿಂಹ ಹೆಂಗೂ ಒದರತೈತಿ ಬೇಟಾ. ಇವುಗಳ ದನಿ ಸಣ್ಣದು" ಎನ್ನುತ್ತಿದ್ದರು.

ಗಿರಾಕಿಗಳಿಗೂ ಇದೇ ಕಾನೂನು. ನಮ್ಮ ಶಾಲೆಯ ಚೇರ್ಮನ್ನರು ಬಂದು ಮಾತಾಡಿದರೆ ಮಷಿನ್ ಓಡುತ್ತಲೇ ಇರುತ್ತಿತ್ತು. ಅವ್ವ ಬಾಗಿಲಲ್ಲಿ ನಿಂತು "ಕಾಕಾರ" ಎಂದರೆ ನಿಲ್ಲುತ್ತಿತ್ತು.

ಶಾಲೆಯ ಯೂನಿಫಾರ್ಮು, ಗ್ಯಾದರಿಂಗ್ ಎನ್ನುವ ವಾರ್ಷಿಕೋತ್ಸವದ ವೇಷ, ಎರಡೂ ಕಾಕಾನೇ ಹೊಲಿಯುತ್ತಿದ್ದುದು. ನಾಟಕ ಪ್ರತಿವರ್ಷವೂ ಕಾಡಿನದೇ. ಚೇರ್ಮನ್ನರ ಮಗ ಸಿಂಹ, ಪೇಟೆಯ ಹುಡುಗರು ಹುಲಿ, ಆನೆ. ನಮ್ಮ ಕೇರಿಯವರು ಕತ್ತೆ, ಕುರಿ. ನಾನು ಯಾವಾಗಲೂ ಕಾಗೆ. "ಇಕಿಗೆ ಬಣ್ಣ ಹಚ್ಚೂದ ಬ್ಯಾಡ, ಹಂಗ ನಿಂದ್ರಸ್ರಿ" ಎಂದು ಮಾಸ್ತರರು ಅಂದಾಗ ಎಲ್ಲರೂ ನಕ್ಕಿದ್ದರು. ಬೇರೇನು ಮಾಡಬೇಕೆಂದು ತಿಳಿಯದೆ ನಾನೂ ನಕ್ಕಿದ್ದೆ.

ಐದನೇ ಇಯತ್ತೆ ಓದುವಾಗ ಕಾಗೆಯ ಅಳತೆ ಕೊಡಲು ಹೋದೆ.

"ನಾಟಕದಾಗ ನಿಂದು ಏನ್ ಮಾತೈತಿ?" ಎಂದು ಕಾಕಾ ಕೇಳಿದರು.

"ಕಾ."

"ಆಮ್ಯಾಲ?"

"ಮತ್ತ ಕಾ." ಅಷ್ಟು ಹೇಳುವಷ್ಟರಲ್ಲಿ ನನಗೆ ಅಳು ಬಂತು. "ಎಲ್ಲಾರ ಮಾತೂ ನಂಗ ಬಾಯಿಪಾಠ ಬರ್ತಾವ್ರಿ ಕಾಕಾ. ನಂಗ ಒಂದರ ಮಾತು ಬೇಕ್ರಿ."

ಕಾಕಾ ಟೇಪು ತಗೊಂಡು ನನ್ನ ಅಳತೆಯನ್ನು ಮತ್ತೊಮ್ಮೆ ತೆಗೆದರು.

ಗ್ಯಾದರಿಂಗಿನ ದಿನ ಸಂಜೆಯಾದರೂ ವೇಷಗಳ ಸುಳಿವಿಲ್ಲ. ಪರದೆ ಏಳುವ ಹೊತ್ತಿಗೆ ಕಾಕಾ ಗಂಟು ಹೊತ್ತು ಬಂದರು. ಸಿಂಹದ ವೇಷ ಚೇರ್ಮನ್ನರ ದಪ್ಪ ಮಗನ ಮೊಣಕಾಲು ದಾಟಲಿಲ್ಲ. ಕಾಗೆಯ ಅಂಗಿಯಲ್ಲಿ ನನ್ನಂಥವರು ಇಬ್ಬರು ಹಿಡಿಸುತ್ತಿದ್ದರು.

"ಏನ್ರಿ ಇದು?" ಎಂದು ಮಾಸ್ತರರು ಕಿರುಚಿದರು.

"ಅಳತಿ ಅದಲು ಬದಲಾತ್ರಿ. ವಯಸ್ಸಾತು, ಕಣ್ಣು ಕಾಣಂಗಿಲ್ಲ" ಎಂದ ಕಾಕಾ, ಪರದೆಯ ಹಿಂದಿನ ಮಬ್ಬುಬೆಳಕಿನಲ್ಲೇ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿ ಸಿಂಹದ ಬಾಲ ಹೊಲಿಯತೊಡಗಿದರು. ಮಾಸ್ತರರು ಅದನ್ನು ನೋಡಲಿಲ್ಲ, ನಾನು ನೋಡಿದೆ.

ಸಿಂಹದ ವೇಷ ನನಗೆ ಸರಿಯಾಗಿ ಕೂತಿತು, ಬೇರೆ ದಾರಿಯಿರಲಿಲ್ಲ. ಆ ರಾತ್ರಿ ನಾನು ಸಿಂಹವಾದೆ. ಪೆಂಡಾಲಿನ ಹಿಂದೆ ನಿಂತಿದ್ದ ಅವ್ವನಿಗೆ ಮೊದಲು ನನ್ನ ಗುರುತೇ ಸಿಗಲಿಲ್ಲವಂತೆ. ಪ್ರತಿವರ್ಷ ಮಾತು ಮರೆತು ಮನೆಯಲ್ಲಿ ಏಟು ತಿನ್ನುತ್ತಿದ್ದ ಚೇರ್ಮನ್ನರ ಮಗ, ಕಾಗೆಯಾಗಿ ನನ್ನ ಪಕ್ಕ ನಿಂತು "ಇದು ಭಾಳ ಆರಾಮ ಐತಿ" ಎಂದು ಪಿಸುಗುಟ್ಟಿದ. ಮುಂದಿನ ಸಾಲಿನಲ್ಲಿ ಅವನ ಅಪ್ಪನ ಮುಖ ಮಾತ್ರ ಕೆಂಪಾಗಿತ್ತು.

ಆ ಜೂನಿನಲ್ಲಿ ಚೇರ್ಮನ್ನರು ಯೂನಿಫಾರ್ಮಿನ ಕೆಲಸವನ್ನು ಇಳಕಲ್ಲಿನ ಅಂಗಡಿಗೆ ಕೊಟ್ಟರು. ಕಾಕಾನ ವರ್ಷದ ಅನ್ನವೇ ಅದು. ಬಹಳ ದಿನಗಳ ಮೇಲೆ ಅವ್ವ ಇದನ್ನು ಹೇಳಿದಾಗ ಕಾಕಾನ ಅಂಗಡಿಗೆ ಓಡಿಹೋಗಿ ಕೇಳಿದೆ.

"ನನ್ನ ಸಲುವಾಗಿ ಬೇಕಂತ ಮಾಡಿದ್ರಿ, ಹೌದಿಲ್ರಿ?"

"ಅಳತಿ ತಪ್ಪಿತ್ತು ಬೇಟಾ" ಎಂದರು. ನನಗೆ ಶಿಕ್ಷಕಿಯ ನೌಕರಿ ಸಿಕ್ಕಾಗ ಪೇಢೆ ಕೊಟ್ಟು ಕೇಳಿದೆ, ಆಗಲೂ ಅದೇ ಉತ್ತರ. ಹೋದ ವರ್ಷ ದವಾಖಾನೆಯಲ್ಲಿ, ಹಾಸಿಗೆ ಹಿಡಿದ ಕಾಕಾನ ಕಾಲು ಒತ್ತುತ್ತ ಕೊನೆಯ ಸಲ ಕೇಳಿದೆ. ಚಾದರದ ಕೆಳಗೆ ಹೆಬ್ಬೆರಳು ಮೆಲ್ಲಗೆ ಆಡುತ್ತಿತ್ತು. ನಾನು ಬಾಯಿ ತೆರೆದದ್ದೇ ಅದು ನಿಂತಿತು. ಪೂರ್ತಿ ಕೇಳಿಸಿಕೊಂಡು, ನಕ್ಕು, "ಅಳತಿ ತಪ್ಪಿತ್ತು" ಎಂದರು. ಆ ವಾರವೇ ತೀರಿಕೊಂಡರು.

ನನ್ನ ತರಗತಿಯ ಫ್ಯಾನು ತಿರುಗುವುದಕ್ಕಿಂತ ಹೆಚ್ಚು ಗಡಗಡ ಸದ್ದು ಮಾಡುತ್ತದೆ. ಕೊನೆಯ ಸಾಲಿನಲ್ಲೊಬ್ಬ ಹುಡುಗಿ ಇದ್ದಾಳೆ, ಕೇಳಿದರೂ ಮಾತಾಡದವಳು. ಮೊನ್ನೆ ಸುಡುಬಿಸಿಲಿನಲ್ಲಿ ಅವಳು ತಾನಾಗಿಯೇ ಎದ್ದು ನಿಂತು ಬಾಯಿ ತೆರೆದಳು. ನಾನು ಹೋಗಿ ಫ್ಯಾನು ಆರಿಸಿದೆ.

"ಟೀಚರ್, ಧಗಿ ಆಗತೈತ್ರಿ!" ಎಂದು ಹುಡುಗರೆಲ್ಲ ಕೂಗಿದರು.

"ಆಗಲಿ, ಆಕಿ ಮಾತಾಡಾಕತ್ತಾಳ" ಎಂದೆ.