ಬಿಳಿ ಕೈಗವಸಿನವನನ್ನು ಯಾಕೆ ಕೊಲ್ಲಲಿಲ್ಲ

ನಾನು ಏಳನೇ ಇಯತ್ತೆಯಲ್ಲಿದ್ದಾಗ ನಮ್ಮ ಮನೆಗೆ ಕಾಮಿಕ್ಸ್ ಪುಸ್ತಕಗಳು ಗಂಟುಗಟ್ಟಿಕೊಂಡು ಬರುತ್ತಿದ್ದವು. ಹುಬ್ಬಳ್ಳಿಯಲ್ಲಿದ್ದ ನನ್ನ ಸೋದರಮಾವ ರದ್ದಿ ಅಂಗಡಿಯಲ್ಲಿ ಅವನ್ನು ಕಿಲೋ ಲೆಕ್ಕದಲ್ಲಿ ಕೊಂಡು, ಸುತಳಿಯಿಂದ ಬಿಗಿದು, ಊರಿಗೆ ಬರುವಾಗ ತರುತ್ತಿದ್ದ. ಮೊರಬದಿಂದಾಚೆ ಎರೆಹೊಲಗಳ ನಡುವಿನ ನಮ್ಮ ಊರಿಗೆ ದಿನಕ್ಕೆ ಎರಡೇ ಬಸ್ಸು. ಓದಲು ಬೇರೇನೂ ಇರಲಿಲ್ಲ.

ರದ್ದಿಯ ಪುಸ್ತಕಗಳಿಗೆ ಹಿಂದು ಮುಂದು ಇರಲಿಲ್ಲ. ನನಗೆ ಇಷ್ಟವಾಗಿದ್ದ ಕಥೆಯಲ್ಲಿ ನೀಲಿ ಅಂಗಿಯ, ಹಾರಬಲ್ಲ ಒಬ್ಬ ವೀರನಿದ್ದ. ಅವನಿಗೆ ಒಬ್ಬನೇ ವೈರಿ. ವೈರಿ ಸದಾ ಬಿಳಿ ಕೈಗವಸು ಹಾಕಿಕೊಂಡಿರುತ್ತಿದ್ದ, ಕೆರೆಗೆ ವಿಷ ಬೆರೆಸುತ್ತಿದ್ದ, ರೈಲು ಹಳಿ ತಪ್ಪಿಸುತ್ತಿದ್ದ. ಕೊನೆಯ ಪುಟದಲ್ಲಿ ವೀರ ಅವನನ್ನು ಹಿಡಿದು ಪೊಲೀಸರಿಗೆ ಕೊಡುತ್ತಿದ್ದ. ಮುಂದಿನ ಪುಸ್ತಕದಲ್ಲಿ ಅವನು ಮತ್ತೆ ಹೊರಗೆ. ಹೇಗೆ ಹೊರಬಂದ ಎಂಬ ಕಥೆ ಇದ್ದ ಪುಸ್ತಕ ಮಾತ್ರ ನಮ್ಮ ಗಂಟಿನಲ್ಲಿ ಎಂದೂ ಬರಲಿಲ್ಲ. ನನಗೆ ಅನುಮಾನ ಶುರುವಾದದ್ದು ಅಲ್ಲಿಂದ. ವೀರನೂ ಬಿಳಿ ಕೈಗವಸಿನವನೂ ಒಳಗಿಂದೊಳಗೆ ಕೂಡಿಕೊಂಡಿದ್ದಾರೆ, ಹಿಡಿಯುವುದೂ ಬಿಡುವುದೂ ಮೊದಲೇ ಮಾತಾಡಿಕೊಂಡ ಆಟ ಎಂದು ನಾನು ಖಚಿತವಾಗಿ ನಂಬಿದ್ದೆ.

ಆ ಕಥೆಗಳನ್ನು ನಾನು ಓದಿ ಹೇಳುತ್ತಿದ್ದದ್ದು ಆಯಿಗೆ. ಆಯಿ ಅಂದರೆ ಅಪ್ಪನ ತಾಯಿ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಸುಗ್ಗಿಯಲ್ಲಿ ಪಡಸಾಲೆಯಲ್ಲಿ ಕಾಯಿಯಿಂದ ಹತ್ತಿ ಬಿಡಿಸುತ್ತ ಕೂತಾಗ, ಬೇಸರ ಕಳೆಯಲು, "ಓದ ಬೇ ಅದನ್ನ" ಅನ್ನುತ್ತಿದ್ದಳು. ಚಿತ್ರ ತೋರಿಸಿದರೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಅವಳದು ಪ್ರತಿ ಸಲ ಒಂದೇ ಪ್ರಶ್ನೆ.

"ಕುತಿಗಿ ಕೈಯಾಗ ಸಿಕ್ಕಿತ್ತಲ್ಲ, ಯಾಕ ಬಿಟ್ಟ ಅವ?"

"ಅವ ಯಾರನ್ನೂ ಕೊಲ್ಲಂಗಿಲ್ಲಂತ, ಆಯಿ. ಆಣಿ ಮಾಡ್ಯಾನ."

"ಎಂಥಾ ಆಣಿ ಹಾಳಾದ್ದು! ಹೋದ ಸಲ ಬಿಟ್ಟ, ಈ ಸಲ ರೈಲಿನಾಗ ಎಷ್ಟ ಮಂದಿ ಸತ್ತರು? ಆ ಪಾಪ ಯಾರಿಗೆ? ಒಮ್ಮಿ ಮುಗಿಸಿ ಒಗದಬಿಟ್ಟಿದ್ರ ಊರು ತಣ್ಣಗ ಇರ್ತಿತ್ತು."

ಎದುರು ಮನೆಯ ನಿವೃತ್ತ ಹವಾಲ್ದಾರರು ಸಂಜೆ ಚಹಕ್ಕೆ ಬಂದಾಗ ಈ ಮಾತು ಅವರ ಮುಂದೆಯೂ ಬರುತ್ತಿತ್ತು. ನಾನು ಅವರನ್ನು ಕಾಕಾ ಅನ್ನುತ್ತಿದ್ದೆ. ಅವರು ಬಸಿಯಲ್ಲಿ ಚಹ ಸುರುವಿಕೊಂಡು ಹೇಳುತ್ತಿದ್ದರು, "ನಾ ಒಬ್ಬನ್ನ ಏಳು ಸಲ ಹಿಡದೀನ್ರಿ ಯವ್ವಾ. ಏಳೂ ಸಲ ಕೋರ್ಟಿಗೆ ಒಯ್ದೀನಿ. ಹಿಡದು ಕೊಡೂದು ನನ್ನ ಕೆಲಸ. ಮುಂದಿಂದು ನಂದಲ್ಲ."

"ಅದಕ್ಕ ಕಳ್ಳರು ಕಡಿಮಿ ಆಗವಲ್ರು," ಅನ್ನುತ್ತಿದ್ದಳು ಆಯಿ. ನಾನು ಆಯಿಯ ಕಡೆಗಿದ್ದೆ. ಅಷ್ಟೇ ಅಲ್ಲ, ಏಳು ಸಲ ಹೊರಬಂದವನ ಕಥೆ ಕೇಳಿದ ಮೇಲೆ ಕಾಕಾರ ಮೇಲೂ ನನಗೆ ಸ್ವಲ್ಪ ಅನುಮಾನವಿತ್ತು.

ನಮ್ಮೂರಿನಲ್ಲೂ ಒಬ್ಬನಿದ್ದ. ಎರಡು ಸಲ ಜೈಲು ನೋಡಿ ಬಂದಿದ್ದ. ಒಮ್ಮೆ ಕಣದಲ್ಲಿದ್ದ ಕಡಲೆ ಚೀಲಕ್ಕೆ, ಇನ್ನೊಮ್ಮೆ ಯಾರದೋ ತಾಮ್ರದ ಹಂಡೆಗೆ. ಊರವರು ಅವನನ್ನು ಜೇಲಿನಂವ ಎಂದೇ ಕರೆಯುತ್ತಿದ್ದರು. ತೆಳ್ಳಗಿನ ಮನುಷ್ಯ, ಎದುರಾದರೆ ಮೊದಲು ತಾನೇ ನಗುತ್ತಿದ್ದ. ಆ ನಗೆಯೇ ನನಗೆ ಸರಿಬರುತ್ತಿರಲಿಲ್ಲ. ಊರಲ್ಲಿ ಕೋಳಿ ಕಾಣದಿದ್ದರೂ ಅವನ ಹೆಸರು, ಬಾವಿಯ ಹಗ್ಗ ಕಾಣದಿದ್ದರೂ ಅವನ ಹೆಸರು. ಅವನ ಮಗಳು ಶಾಲೆಯಲ್ಲಿ ನನ್ನ ಪಕ್ಕದಲ್ಲೇ ಕೂಡುತ್ತಿದ್ದಳು. ಅವಳಿಗೂ ನಾನು ಕಾಮಿಕ್ಸ್ ಕೊಡುತ್ತಿದ್ದೆ. ಕೊಟ್ಟು, ಪುಟ ಎಣಿಸಿ ವಾಪಸು ತೆಗೆದುಕೊಳ್ಳುತ್ತಿದ್ದೆ.

ಆ ವರ್ಷ ನಾನೊಂದು ವಹಿ ಇಟ್ಟೆ. ಅರ್ಧ ಖಾಲಿಯಿದ್ದ ಗಣಿತದ ವಹಿ. ಅದರಲ್ಲಿ ಜೇಲಿನಂವ ಎಲ್ಲಿ ಕಂಡ, ಎಷ್ಟು ಹೊತ್ತಿಗೆ ಕಂಡ, ಕೈಯಲ್ಲಿ ಏನಿತ್ತು ಎಂದು ಬರೆಯುತ್ತಿದ್ದೆ. "ಮಂಗಳವಾರ, ಬಸ್ ನಿಲ್ಲುವ ಕಡೆ, ಖಾಲಿ ಚೀಲ." "ಗುರುವಾರ, ಗಿರಣಿಯ ಹಿಂದೆ, ಬೀಡಿ." ಖಾಲಿ ಚೀಲ ಯಾರ ಕೈಯಲ್ಲೂ ಇರುತ್ತದೆ. ಅವನ ಕೈಯಲ್ಲಿದ್ದರೆ ಅದು ತುಂಬುವುದಕ್ಕೇ ಇದೆ ಎಂದು ನನಗೆ ಅನ್ನಿಸುತ್ತಿತ್ತು. ವಾರ ಕಳೆದಂತೆ, ಅವನು ಏನೂ ಮಾಡದೆ ಸುಮ್ಮನೆ ನಿಂತದ್ದೇ ಹೆಚ್ಚು ಅನುಮಾನದ ವಿಷಯವಾಯಿತು.

ಒಂದು ಭಾನುವಾರ ಬೆಳಿಗ್ಗೆ ಶಾಲೆಯ ಗಂಟೆ ಕಾಣೆಯಾಗಿದೆ ಎಂಬ ಸುದ್ದಿ ಹಬ್ಬಿತು. ಶಾಲೆಯ ಕಟ್ಟೆಯ ಮೇಲೆ ತೊಲೆಗೆ ತೂಗುಹಾಕಿದ್ದ ದಪ್ಪ ಕಂಚಿನ ತಟ್ಟೆ ಅದು. ಅದರ ಸದ್ದಿಗೆ ಹೊಲದಲ್ಲಿದ್ದವರೂ ಹೊತ್ತು ತಿಳಿಯುತ್ತಿದ್ದರು. ಆಡಲು ಹೋದ ಮಕ್ಕಳು ಬರೀ ಕೊಂಡಿ ನೋಡಿ ಓಡಿಬಂದಿದ್ದರು. ಹೆಡ್‌ಮಾಸ್ತರರು ಶನಿವಾರ ತಮ್ಮ ಊರಿಗೆ ಹೋದರೆ ಸೋಮವಾರದ ಮೊದಲ ಬಸ್ಸಿಗೆ ಬರುವವರು. ಹವಾಲ್ದಾರ ಕಾಕಾರೂ ಅಂದು ಇರಲಿಲ್ಲ, ಯರಗುಪ್ಪಿಯ ಮಗಳ ಮನೆಗೆ ಹೋಗಿದ್ದರು.

ಚಾವಡಿಯ ಮುಂದೆ ಗಂಡಸರು ಕೂಡಿದ್ದರು. ನಾನು ವಹಿ ತೆಗೆದುಕೊಂಡು ಅಲ್ಲಿಗೆ ಹೋದೆ. ಯಾರೂ ನನ್ನನ್ನು ಕರೆದಿರಲಿಲ್ಲ. ಇದನ್ನು ಇಷ್ಟು ವರ್ಷಗಳ ಮೇಲೂ ನಾನು ನನಗೇ ನೆನಪು ಮಾಡಿಕೊಡುತ್ತೇನೆ.

"ಅಪ್ಪಾ, ಜೇಲಿನಂವ ನಿನ್ನೆ ಮಧ್ಯಾಹ್ನ ಸಾಲಿ ಗ್ವಾಡಿ ಬಾಜೂಕ ನಿಂತಿದ್ದ. ಸಾಲಿ ಬಿಟ್ಟ ಮ್ಯಾಲೂ ಅಲ್ಲೇ ಇದ್ದ."

"ಖರೇನ? ನೋಡೀಯೇನ ನೀ?" ಅಪ್ಪ ಕೇಳಿದ.

"ಬರದೀನಿ ನೋಡ್ರಿ."

ಯಾರೋ ವಹಿ ಕಸಿದುಕೊಂಡು ಜೋರಾಗಿ ಓದಿದರು. ಶನಿವಾರದ ಸಾಲಷ್ಟೇ ಅಲ್ಲ, ಹಿಂದಿನ ಪುಟಗಳನ್ನೂ. ಬಸ್ ನಿಲ್ಲುವ ಕಡೆ, ಗಿರಣಿಯ ಹಿಂದೆ, ಖಾಲಿ ಚೀಲ. ನಾನು ಬರೆದದ್ದು ಅಷ್ಟು ಜನರ ಮಧ್ಯೆ ಕೇಳಿಬಂದಾಗ ಅದು ದೊಡ್ಡ ದಾಖಲೆಯಂತೆ ಕೇಳಿಸಿತು. "ಸಾಲಿ ಕಲ್ತ ಹುಡುಗಿ ತಾರೀಖ ಹಾಕಿ ಬರದಾಳ. ಇನ್ನೇನ ಬೇಕು?" ಎಂದರು. ನನಗೆ ಹೆಮ್ಮೆಯಾಯಿತು.

ಅವನನ್ನು ಮನೆಯಿಂದ ಎಳೆದು ತಂದರು. ಚಾವಡಿಯ ಬೇವಿನ ಗಿಡಕ್ಕೆ ಕಟ್ಟಿದರು. ಗಂಟೆ ಎಲ್ಲಿ ಎಂದರು. ಗೊತ್ತಿಲ್ಲ ಎಂದ. ಶಾಲೆಯ ಬಳಿ ಯಾಕೆ ನಿಂತಿದ್ದೆ ಎಂದರು. ಅವನು ನನ್ನ ಕಡೆ ನೋಡಿದ, ವಹಿಯ ಕಡೆ ನೋಡಿದ. ಮೊದಲ ಪೆಟ್ಟಿಗೆ ಅವನು "ಯಪ್ಪಾ" ಎಂದ. ಕಾಮಿಕ್ಸಿನಲ್ಲಿ ಪೆಟ್ಟು ಬಿದ್ದಾಗ ದಪ್ಪ ಅಕ್ಷರದಲ್ಲಿ ಸದ್ದು ಬರೆದಿರುತ್ತಿತ್ತು, ಕೆಂಪು ಹಳದಿ ಬಣ್ಣದಲ್ಲಿ. ಇಲ್ಲಿ ಬಾರುಕೋಲು ಮೊಣಕಾಲಿಗೆ ಬಿದ್ದರೆ ಅಂಥ ಸದ್ದೇನೂ ಬರಲಿಲ್ಲ. ಆಮೇಲಾಮೇಲೆ ಅವನೂ ಸದ್ದು ಮಾಡಲಿಲ್ಲ.

ಅಷ್ಟರಲ್ಲಿ ಗುಂಪಿನಿಂದ ಒಂದು ಮಾತು ಬಂತು.

"ಪೊಲೀಸರ ಕೈಯಾಗ ಕೊಟ್ರ ಆರು ತಿಂಗಳಿಗೆ ಮತ್ತ ಬರ್ತಾನ. ಈ ಸಲ ಮುಗಿಸೇ ಬಿಡೂಣು."

ಅದು ಆಯಿಯದೇ ಮಾತು. ನಾನೂ ಎಷ್ಟೋ ಸಲ ಆಡಿದ ಮಾತು. ಬೆಳಗಿನ ಬಿಸಿಲಿನಲ್ಲಿ ಅದು ಗಂಡಸಿನ ದನಿಯಲ್ಲಿ ಕೇಳಿಬಂತು. ಹಗ್ಗದ ತುದಿ ಹಿಡಿದಿದ್ದವನು ನನ್ನ ಅಪ್ಪ. ಅವನ ಮುಖ ನೋಡಿದೆ. ಮನೆಯಲ್ಲಿ ಊಟಕ್ಕೆ ಕೂಡುವ ಅಪ್ಪನ ಮುಖ ಅದಾಗಿರಲಿಲ್ಲ. ನಾನು ಮನೆಗೆ ಓಡಿದೆ.

"ಆಯಿ, ಕೊಲ್ತಾರ ಆಯಿ, ಅವನ್ನ ಕೊಲ್ತಾರ!"

"ಯಾರನ್ನ ಬೇ?"

ಹೇಳಿದೆ. ಆಯಿ ಮಡಿಲಲ್ಲಿದ್ದ ಹತ್ತಿ ಕೊಡವಿ ಎದ್ದಳು. ಮಂಡಿನೋವಿನಿಂದ ನೀರಿನ ಕೊಡಕ್ಕೂ ಏಳದವಳು ಚಾವಡಿಯ ತನಕ ನನ್ನ ಹೆಗಲು ಹಿಡಿದು ನಡೆದಳು. ಜನ ದಾರಿ ಬಿಟ್ಟರು. ಅವಳು ಅಪ್ಪನ ಮುಂದೆ ಹೋಗಿ ನಿಂತಳು.

"ಒಗಿ ಹಗ್ಗ ಕೆಳಗ."

"ನಿನಗ ತಿಳ್ಯಂಗಿಲ್ಲವ್ವ, ನೀ ಮನಿಗಿ ನಡಿ."

"ನನಗ ತಿಳ್ಯಂಗಿಲ್ಲ. ನೀ ನನ್ನ ಹೊಟ್ಟ್ಯಾಗ ಹುಟ್ಟಿದಂವ, ಅಷ್ಟ ಗೊತ್ತೈತಿ ನನಗ. ಒಗಿ ಅಂದೆ."

ಅಪ್ಪ ಹಗ್ಗ ಬಿಟ್ಟ. ಆಯಿ ಗಂಟು ಬಿಚ್ಚಲು ಹೋದಳು, ಬೆರಳಿಗೆ ಬರಲಿಲ್ಲ. ಒಬ್ಬರು ಬಂದು ಬಿಚ್ಚಿದರು. ಆ ಮನುಷ್ಯ ಬುಡದಲ್ಲಿ ಕುಸಿದ. "ನೀರ ಕೊಡ್ರಿ ಅವಗ," ಎಂದಳು ಆಯಿ. ಆಮೇಲೆ ಎಲ್ಲರನ್ನೂ ನೋಡಿ, "ಯಾರ ಹೇಳಿದ್ದು ಇವ ಕದ್ದಾನಂತ?" ಎಂದು ಕೇಳಿದಳು. ಅಪ್ಪ ನನ್ನ ಕಡೆ ಬೊಟ್ಟು ಮಾಡಿದ. ಮನೆಗೆ ವಾಪಸು ಹೋಗುವಾಗ ಆಯಿ ನನ್ನ ಹೆಗಲು ಹಿಡಿಯಲಿಲ್ಲ, ಗೋಡೆ ಹಿಡಿದುಕೊಂಡು ಹೋದಳು.

ಸೋಮವಾರ ಮೊದಲ ಬಸ್ಸಿನಿಂದ ಹೆಡ್‌ಮಾಸ್ತರರು ಇಳಿದರು. ಕೈಯಲ್ಲಿ ಗೋಣಿತಟ್ಟಿನಲ್ಲಿ ಸುತ್ತಿದ ಭಾರದ ವಸ್ತು. ಗಂಟೆಯ ತೂತಿನ ಬಳಿ ಬಿರುಕು ಬಿಟ್ಟಿತ್ತಂತೆ, ಮಕ್ಕಳ ತಲೆಯ ಮೇಲೆ ಬಿದ್ದೀತೆಂದು ಶನಿವಾರ ಸಂಜೆ ತಾವೇ ಬಿಚ್ಚಿಕೊಂಡು ಅಣ್ಣಿಗೇರಿಯಲ್ಲಿ ಬೇರೆ ತೂತು ಕೊರೆಸಿ ತಂದಿದ್ದರು. ಊರಲ್ಲಿ ನಡೆದದ್ದನ್ನು ಕೇಳಿ ಅವರು ಬಸ್ ನಿಲ್ಲುವ ಕಟ್ಟೆಯ ಮೇಲೆ ಹಾಗೇ ಕೂತುಬಿಟ್ಟರು. "ಒಬ್ಬರಿಗಾದ್ರೂ ಹೇಳಿ ಹೋಗಬೇಕಿತ್ತು ನಾ," ಎಂದು ಎರಡು ಮೂರು ಸಲ ಅಂದರು. ಊರವರು ಅಷ್ಟೂ ಅನ್ನಲಿಲ್ಲ. "ಗಂಟಿ ಕದ್ದಿಲ್ಲ, ಬಿಡ್ರಿ. ಕಡಲಿ ಕದ್ದಿದ್ನಲ್ಲ, ಅದಕ್ಕಾತು," ಎಂದರು. ಕಾಕಾ ಬಂದು ಸುದ್ದಿ ತಿಳಿದ ಮೇಲೆ ಅಪ್ಪನ ಜೊತೆ ಬಹಳ ದಿನ ಮಾತು ಬಿಟ್ಟರು. ಚಹಕ್ಕೂ ಬರಲಿಲ್ಲ.

ಆಯಿ ನನ್ನ ಕೈಯಲ್ಲಿ ಒಂದು ಚರಿಗೆ ಹಾಲು ಕೊಟ್ಟು, "ನೀನ ಹೋಗಿ ಕೊಟ್ಟ ಬಾ" ಎಂದಳು. ನಾನು ಅತ್ತೆ, ಅವಳು ಕೇಳಲಿಲ್ಲ. ಜೇಲಿನಂವ ತನ್ನ ಮನೆಯ ಹೊರಗೆ ಹೊರಸಿನ ಮೇಲೆ ಮಲಗಿದ್ದ. ಮೊಣಕಾಲು ಕುಂಬಳಕಾಯಿಯಷ್ಟು ಬಾತಿತ್ತು. ಅವನ ಮಗಳು ನನ್ನ ಕೈಯಿಂದ ಚರಿಗೆ ತೆಗೆದುಕೊಂಡು ಒಳಗೆ ಹೋದಳು, ಮುಖ ನೋಡಲಿಲ್ಲ.

ಅವನು ಎಂದಿನಂತೆ ನಕ್ಕ. "ನೀ ವಹ್ಯಾಗ ಬರದದ್ದು ಖರೇನ ಐತಿ, ತಂಗಿ. ನಾ ಅಲ್ಲಿ ನಿಂತಿದ್ದೆ."

ಯಾಕೆ ಎಂದು ಕೇಳಬೇಕೆನ್ನಿಸಿತು. ಕೇಳುವ ಧೈರ್ಯ ಬರಲಿಲ್ಲ. ಆ ನಗೆಯಲ್ಲಿ ಕ್ಷಮೆಯಿತ್ತೋ, ಬೆದರಿಕೆಯಿತ್ತೋ, ಎರಡೂ ಇಲ್ಲದೆ ಬರೀ ಅಭ್ಯಾಸವಿತ್ತೋ ತಿಳಿಯಲಿಲ್ಲ. ಆಮೇಲೆ ಎರಡು ವರ್ಷ, ಅವನು ಕಾಲೆಳೆಯುತ್ತ ಓಣಿಯಲ್ಲಿ ಬಂದರೆ ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಈಗ ಅವನೇ ನನ್ನ ಲೆಕ್ಕ ಇಡುತ್ತಿದ್ದಾನೆ, ನಾನು ಎಲ್ಲಿಗೆ ಹೋದೆ, ಯಾವಾಗ ಬಂದೆ ಎಂದು ನೆನಪಿಟ್ಟುಕೊಳ್ಳುತ್ತಿದ್ದಾನೆ ಎಂದು ಅನ್ನಿಸುತ್ತಿತ್ತು. ಅವನು ಹಾಗೇನೂ ಮಾಡಿರಲಿಕ್ಕಿಲ್ಲ. ಆದರೆ ಒಬ್ಬರನ್ನು ಕಾಯುತ್ತ ಕೂತವರಿಗೆ ತಾವೂ ಯಾರದೋ ಕಣ್ಣಲ್ಲಿದ್ದೇವೆ ಎನ್ನಿಸುವುದು ತಪ್ಪುವುದಿಲ್ಲ.

ಅವನು ಸುಧಾರಿಸಿದ ಎಂದು ಬರೆದರೆ ಸುಳ್ಳಾಗುತ್ತದೆ. ಮುಂದಿನ ಸುಗ್ಗಿಯ ನಂತರ, ಒಂದು ಸಂಜೆ, ನಮ್ಮದೇ ಕಣದಿಂದ ಹತ್ತಿಯ ಗಂಟು ಹೊತ್ತು ಕುಂಟುತ್ತ ಹೋಗುವುದನ್ನು ನಾನು ಕಣ್ಣಾರೆ ಕಂಡೆ. ಈ ಸಲ ಅನುಮಾನವಿರಲಿಲ್ಲ. ಆದರೂ ಅಪ್ಪನಿಗೆ ಹೇಳಲಿಲ್ಲ. ನೇರ ಕಾಕಾರ ಮನೆಗೆ ಹೋದೆ.

"ಕಾಕಾ, ನೀವೊಬ್ಬರ ಬರ್ರಿ. ಮಂದಿ ಕರೀಬ್ಯಾಡ್ರಿ."

ಅವರು ನನ್ನ ಮುಖ ನೋಡಿದರು, ಕೋಲು ತೆಗೆದುಕೊಂಡರು, ಒಬ್ಬರೇ ಹೋದರು. ಗಂಟಿನ ಸಮೇತ ಅವನನ್ನು ಠಾಣೆಗೆ ಕರೆದೊಯ್ದರು. ಅವನು ನಾಲ್ಕು ತಿಂಗಳು ಒಳಗಿದ್ದು ಬಂದ. ಬಂದ ಮೇಲೂ ಕದ್ದ ಎಂದು ಕೇಳಿದ್ದೇನೆ. ಆಯಿ ಅದನ್ನು ಕೇಳಿದಾಗಲೆಲ್ಲ "ಹಿಡದ ಕೊಡ್ಲಿ, ಮತ್ತ ಹಿಡದ ಕೊಡ್ಲಿ" ಎನ್ನುತ್ತಿದ್ದಳು. ಬಿಳಿ ಕೈಗವಸಿನವನನ್ನು ಮಾತ್ರ ಯಾಕೆ ಕೊಲ್ಲಲಿಲ್ಲ ಎಂದು ಅವಳು ಮತ್ತೆ ಕೇಳಲಿಲ್ಲ. ಆ ವೀರನೂ ಎಂದಾದರೊಂದು ಬೆಳಿಗ್ಗೆ ತನ್ನ ಅಪ್ಪನ ಮುಖ ಹಾಗೆ ನೋಡಿರಬೇಕು ಎಂದು ನಾನು ಅಂದುಕೊಂಡೆ.

ಎಂಬತ್ತರ ದಶಕದ ಕೊನೆಗೆ ನಾನು ಧಾರವಾಡದಲ್ಲಿ ಓದುತ್ತಿದ್ದೆ. ಒಮ್ಮೆ ಊರಿಗೆ ಬರುವ ಬಸ್ಸಿನಲ್ಲಿ ಅವನ ಮಗಳು ಸಿಕ್ಕಳು. ಮದುವೆಯಾಗಿ ಕಲಘಟಗಿಯ ಕಡೆ ಇದ್ದಳು, ಕಂಕುಳಲ್ಲಿ ಕೂಸು. ಗಂಟೆಯ ಗಲಾಟೆಯ ನಂತರ ಶಾಲೆಯಲ್ಲಿ ಜಾಗ ಬದಲಿಸಿದ್ದ ಅವಳು ಈ ಸಲ ತಾನೇ ಸರಿದು ನನಗೆ ಜಾಗ ಕೊಟ್ಟಳು. ತಂದೆ ತೀರಿಕೊಂಡು ವರ್ಷವಾಯಿತೆಂದಳು. ಜ್ವರದಲ್ಲಿ, ಹಾಸಿಗೆಯ ಮೇಲೆ.

ಬಸ್ಸು ಮೊರಬ ದಾಟಿದ ಮೇಲೆ ಕೇಳಿದೆ. "ಅವತ್ತ ನಿಮ್ಮಪ್ಪ ಸಾಲಿ ಹಂತ್ಯಾಕ ಯಾಕ ನಿಂತಿದ್ರು?"

ಅವಳು ಕೂಸಿನ ಟೊಪ್ಪಿಗೆ ಸರಿಮಾಡಿದಳು. "ನನ್ನ ಕರ್ಕೊಂಡ ಹೋಗಾಕ ಬಂದಿದ್ದ ಅಂತ ಅವ್ವ ಅಂತಿದ್ಲು. ನನಗೇನ ಹಂಗ ಅನಸಂಗಿಲ್ಲ. ನಾ ಆವತ್ತ ಒಬ್ಬಾಕೀನ ಮನಿಗಿ ಹೋಗೀನಿ." ಕೂಸನ್ನು ಇನ್ನೊಂದು ತೊಡೆಗೆ ಸರಿಸಿಕೊಂಡು ಹೇಳಿದಳು, "ಗಂಟೀ ಮ್ಯಾಲ ಕಣ್ಣ ಇಟ್ಟಿದ್ರೂ ಇಟ್ಟಿರಬೇಕು. ನಮ್ಮಪ್ಪನ್ನ ನಾ ಬಲ್ಲೆ. ಆದ್ರ ಆವತ್ತ ಕದ್ದಿರಲಿಲ್ಲ."

"ಹೌದು," ಎಂದೆ.

ಕೂಸು ಅಳತೊಡಗಿತು. ಅವಳು ಅದನ್ನು ಒಂದು ಗಳಿಗೆ ನನ್ನ ತೊಡೆಯ ಮೇಲೆ ಕೂಡಿಸಿ, ಚೀಲದಲ್ಲಿ ಹಾಲಿನ ಬಾಟಲಿ ಹುಡುಕತೊಡಗಿದಳು.